ಬೂದು ಗೋಡೆಯ ಕೋಣೆಯಲ್ಲಿ

ಅಂಗಡಿಯ ಟ್ಯೂಬ್‌ಲೈಟಿನಡಿ ಎಷ್ಟೇ ಮೆಚ್ಚಿದ್ದರೂ, ಸೀರೆಯನ್ನು ಒಮ್ಮೆ ಬಾಗಿಲ ಬಳಿ ಒಯ್ದು ಹಗಲ ಬೆಳಕಿಗೆ ಹಿಡಿಯದೆ ನಮ್ಮ ಹೆಂಗಸರು ದುಡ್ಡು ಬಿಚ್ಚುವುದಿಲ್ಲ. ಒಳಗೆ ನೇರಳೆ ಕಂಡದ್ದು ಹೊರಗೆ ಮೆರೂನ್ ಆಗಿಬಿಟ್ಟರೆ? ಸಿನಿಮಾದ ಬಣ್ಣ ತಿದ್ದುವ ಕಲರಿಸ್ಟ್‌ಗಳ ಕಸುಬೂ ಇದೇ ಅನುಮಾನದಿಂದ ಶುರುವಾಗುತ್ತದೆ. ಅವರ ಕೋಣೆಯ ಗೋಡೆ ಬರೀ ಬೂದು. ಮಾನಿಟರಿನ ಹಿಂದೆ ಹಗಲನ್ನು ಹೋಲುವ 6500 ಕೆಲ್ವಿನ್‌ನ ಮಂದ ದೀಪ. ಗೋಡೆ ಹಸಿರಾಗಿದ್ದರೆ ಕಣ್ಣು ಅದಕ್ಕೇ ಒಗ್ಗಿಕೊಂಡು, ತೆರೆಯ ಮೇಲಿನ ಮುಖ ಕೆಂಪೇರಿದಂತೆ ಕಾಣತೊಡಗುತ್ತದೆ.

ಡಿಜಿಟಲ್ ಕ್ಯಾಮೆರಾದ ‘ಲಾಗ್’ ಚಿತ್ರವನ್ನು, ಅಂದರೆ ಬಣ್ಣ ಇನ್ನೂ ತಿದ್ದದ ರೂಪವನ್ನು, ಮೊದಲ ಸಲ ನೋಡಿದವರಿಗೆ ನಿರಾಸೆಯೇ. ಅಕ್ಕಿ ತೊಳೆದ ನೀರಿನಲ್ಲಿ ಅದ್ದಿ ತೆಗೆದಂತೆ ಎಲ್ಲವೂ ಮಸುಕು. ಆದರೆ ಕಿಟಕಿಯಾಚೆಯ ಮೋಡ, ಮಂಚದಡಿಯ ಕತ್ತಲು ಎರಡೂ ಆ ಮಸುಕಿನೊಳಗೆ ಅಳಿಯದೆ ಉಳಿದಿರುತ್ತವೆ. ಅವನ್ನು ಮೇಲೆತ್ತಲು ಲಿಫ್ಟ್, ಗಾಮಾ, ಗೇನ್ ಎಂಬ ಮೂರು ಚಕ್ರಗಳಿವೆ: ನೆರಳಿಗೊಂದು, ನಡುವಿನ ಬೆಳಕಿಗೊಂದು, ಹೊಳಪಿಗೊಂದು. ಬಣ್ಣ ಬಳಿಯುವುದಕ್ಕಿಂತ ಹೊಂದಿಸುವುದರಲ್ಲೇ ಕಲರಿಸ್ಟರ ದಿನ ಕಳೆಯುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದಾರೆ ಎನ್ನಿ. ಒಬ್ಬರ ಮುಖ ತೆಗೆದದ್ದು ಬೆಳಿಗ್ಗೆ 10ಕ್ಕೆ, ಇನ್ನೊಬ್ಬರದು ಸಂಜೆ 4ಕ್ಕೆ, ನಡುವೆ ಮೋಡ ಬೇರೆ. ಹಣವಿರುವ ನಿರ್ಮಾಪಕರು ಮೋಡ ಸರಿಯಲೆಂದು ಕಾಯಬಲ್ಲರು. ಸ್ವತಂತ್ರ ಚಿತ್ರದವರು ಸಂಜೆಯೊಳಗೆ ಬಾಡಿಗೆ ಮನೆ ಖಾಲಿ ಮಾಡಬೇಕು. ಆ ಆರು ಗಂಟೆಗಳನ್ನು ಎರಡು ನಿಮಿಷದ ಮಾತುಕತೆಯಾಗಿ ಬೆಸೆಯುವ ಕೆಲಸ ಕಲರಿಸ್ಟರ ಪಾಲಿಗೆ. ಬೆಸುಗೆ ಚೆನ್ನಾಗಿ ಕೂತರೆ ನೋಡುವವರಿಗೆ ಸುಳಿವೂ ಸಿಗದು.

ಅವರ ಮೇಜಿನ ಮೇಲೆ ನನಗೆ ಅಚ್ಚರಿ ಹುಟ್ಟಿಸುವುದು ವೆಕ್ಟರ್‌ಸ್ಕೋಪ್ ಎಂಬ ದುಂಡನೆಯ ನಕ್ಷೆ. ಕಪ್ಪು, ಗೋಧಿ, ಬಿಳಿ, ಯಾವ ಮೈಬಣ್ಣವೇ ಇರಲಿ, ಅದರ ಗುರುತು ಆ ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಆಸುಪಾಸಿಗೆ ಬರುತ್ತದೆ. ಚರ್ಮದಡಿ ಹರಿಯುವ ನೆತ್ತರು ಒಂದೇ ತಾನೆ. ಆದರೂ ದಶಕಗಳ ಕಾಲ ಫೋಟೊ ಲ್ಯಾಬುಗಳು ಬಣ್ಣ ಸರಿಹೊಂದಿಸಿದ್ದು ಬಿಳಿಯ ಹೆಂಗಸಿನ ಫೋಟೊ ಇದ್ದ ‘ಶರ್ಲಿ ಕಾರ್ಡ್’ ಇಟ್ಟುಕೊಂಡು. ಕಪ್ಪು ಮುಖಗಳು ಮಸಿಯೋ ಬೂದಿಯೋ ಆಗುತ್ತಿದ್ದವು.

ಇದಕ್ಕೆ ಎದುರು ನಿಂತ ಚಿತ್ರ ಬ್ಯಾರಿ ಜೆಂಕಿನ್ಸ್ ಅವರ ‘ಮೂನ್‌ಲೈಟ್’ (2016). ಮಯಾಮಿಯ ಲಿಬರ್ಟಿ ಸಿಟಿಯ ಕಪ್ಪು ಹುಡುಗನೊಬ್ಬನ ಕಥೆ. ಖರ್ಚು ಸುಮಾರು 15 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಛಾಯಾಗ್ರಾಹಕ ಜೇಮ್ಸ್ ಲ್ಯಾಕ್ಸ್‌ಟನ್ ಬಿಸಿಲಲ್ಲಿ ಬೆವೆತ ಮೈಯ ಮಿರುಗನ್ನು ಪೌಡರ್ ಹಚ್ಚಿ ಮುಚ್ಚಲಿಲ್ಲ. ಕಲರಿಸ್ಟ್ ಅಲೆಕ್ಸ್ ಬಿಕೆಲ್ ಚಿತ್ರದ ಮೂರು ಭಾಗಗಳಿಗೆ ಮೂರು ಬಗೆಯ ಫಿಲ್ಮಿನ ಗುಣ ಕೊಟ್ಟರು, ಅದೂ ಡಿಜಿಟಲ್‌ನಲ್ಲಿ ತೆಗೆದ ಚಿತ್ರಕ್ಕೆ. ಹುಡುಗ ಚಿಕ್ಕವನಿದ್ದಾಗ ಮೈಬಣ್ಣ ಗಾಢವಾಗಿಸುವ ಫ್ಯೂಜಿ. ಹದಿಹರೆಯಕ್ಕೆ ಹೊಳಪಿನಲ್ಲಿ ತೆಳುನೀಲಿ ಬೆರೆಸುವ ಆಗ್ಫಾ. ದೊಡ್ಡವನಾದ ಮೇಲೆ ಕೊಡ್ಯಾಕ್. ಒಬ್ಬನೇ ಮನುಷ್ಯ ಮೂರು ನಟರಲ್ಲಿ ಬೆಳೆಯುವಾಗ ಬೆಳಕಿಗೂ ಅವನೊಂದಿಗೆ ವಯಸ್ಸಾಗುತ್ತದೆ. ನಾನು ಇದನ್ನು ಗಮನಿಸಿದ್ದು ಎರಡನೆಯ ಸಲ ನೋಡಿದಾಗ. ಮೊದಲ ಸಲ ಕಥೆಯೇ ಹಿಡಿದಿಟ್ಟಿತ್ತು. ಬಿಕೆಲ್ ಅವರ ಜಾಣ್ಮೆ ಅಲ್ಲೇ ಇದೆ ಅನಿಸುತ್ತದೆ.

‘ಲೇಡಿ ಬರ್ಡ್’ (2017) ಕೂಡ ಅವರ ಕೈಯಲ್ಲೇ ಬಣ್ಣ ಕಂಡಿತು. ನಿರ್ದೇಶಕಿ ಗ್ರೆಟಾ ಗರ್ವಿಗ್ ಮತ್ತು ಛಾಯಾಗ್ರಾಹಕ ಸ್ಯಾಮ್ ಲೆವಿ ತಯಾರಿಯ ಹೊತ್ತಿನಲ್ಲಿ ಫೋಟೊಗಳನ್ನು ಕಲರ್ ಜೆರಾಕ್ಸ್ ಮಾಡಿ, ಬಣ್ಣ ಸವೆದ ಆ ಪ್ರತಿಗಳನ್ನೇ ಮೆಚ್ಚಿಕೊಂಡಿದ್ದರು. ಅವರಿಗೆ ಬೇಕಿದ್ದದ್ದು ನೆನಪಿನ ಬಣ್ಣ.

ಬಣ್ಣದ ಇಷ್ಟೆಲ್ಲ ಕೆಲಸ ಹಿಂದೆ ಬಡ ಚಿತ್ರಗಳ ಕೈಗೆಟುಕುತ್ತಿರಲಿಲ್ಲ. ಫಿಲ್ಮ್ ಕಾಲದ ಲ್ಯಾಬಿನಲ್ಲಿ ಕೆಂಪು, ಹಸಿರು, ನೀಲಿ ದೀಪಗಳನ್ನು 1ರಿಂದ 50ರವರೆಗಿನ ಅಂಕಗಳಲ್ಲಿ ಏರಿಸಿ ಇಳಿಸುವುದೊಂದೇ ದಾರಿ. ಕೊಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಚಿತ್ರಕ್ಕಾಗಿ ಮಿಸಿಸಿಪಿಯ ಹಚ್ಚಹಸಿರನ್ನು ಕಂಪ್ಯೂಟರಿನಲ್ಲೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದ ಮೇಲೆ ಹೊಸ ದಾರಿ ತೆರೆಯಿತು. ಆದರೆ ಬಣ್ಣ ತಿದ್ದುವ ಡಾ ವಿಂಚಿ ರಿಸಾಲ್ವ್‌ನಂಥ ಯಂತ್ರಕ್ಕೆ ಶುರುವಿನಲ್ಲಿ ಲಕ್ಷಾಂತರ ಡಾಲರ್. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಅದನ್ನು ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡು, ಮರುವರ್ಷ ಅದೇ ಸಾಫ್ಟ್‌ವೇರನ್ನು 995 ಡಾಲರಿಗೆ ಮಾರಿತು. ಆಮೇಲೆ ಪುಕ್ಕಟೆ ಆವೃತ್ತಿಯೂ ಬಂತು. ಇವತ್ತು ಯಾರು ಬೇಕಾದರೂ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು. ಬಣ್ಣವನ್ನು ಕರಾರುವಾಕ್ಕಾಗಿ ತೋರಿಸುವ ಪ್ರೊಜೆಕ್ಟರ್ ಮಾತ್ರ ಈಗಲೂ ಅಗ್ಗವಿಲ್ಲ. ಹಾಗಾಗಿ ಎಷ್ಟೋ ಕಲರಿಸ್ಟ್‌ಗಳು ಹಗಲು ಜಾಹೀರಾತು ಮಾಡಿ ಬಾಡಿಗೆ ಹುಟ್ಟಿಸಿಕೊಳ್ಳುತ್ತಾರೆ; ಸ್ವತಂತ್ರ ಚಿತ್ರಕ್ಕೆ ರಾತ್ರಿ ಕೂರುತ್ತಾರೆ.

ಹಾಗೆ ಕೂತು ಮುಗಿಸಿದರೂ ಕೆಲಸ ಅಲ್ಲಿಗೇ ನಿಲ್ಲದು. ಹೊಳಪನ್ನು ಅಳೆಯುವ ‘ನಿಟ್ಸ್’ ಲೆಕ್ಕದಲ್ಲಿ ಥಿಯೇಟರಿನ ಬಿಳುಪಿನ ಗುರಿ 48, ಮಾಮೂಲಿ ಟಿವಿಯದು 100. ಚಿತ್ರಮಂದಿರಕ್ಕೆ ಒಮ್ಮೆ ಮುಗಿಸಿದ್ದನ್ನು ಟಿವಿಗಾಗಿ ಮತ್ತೆ ತಿದ್ದಬೇಕು. ವಾರಗಟ್ಟಲೆ ಕೂತು ತೂಗಿದ ಆ ಕತ್ತಲನ್ನು ಕೊನೆಗೆ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತವರೊಬ್ಬರು ಮೊಬೈಲಿನಲ್ಲಿ ನೋಡುತ್ತಾರೆ. ಬ್ರೈಟ್‌ನೆಸ್ ಅರ್ಧಕ್ಕಿಳಿದಿದೆ, ನೈಟ್ ಮೋಡ್‌ನ ಹಳದಿ ಹಾಗೇ ಉಳಿದಿದೆ.