ಋತುಬಂಧ: ಹಾರ್ಮೋನ್ ಚಿಕಿತ್ಸೆ ಯಾರಿಗೆ, ಯಾವುದು?

ಮುಟ್ಟು ನಿಲ್ಲುವುದು ರೋಗವಲ್ಲ, ಪ್ರಕೃತಿಸಹಜ ಕ್ರಿಯೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಪರಿಗಣಿಸುತ್ತಾರೆ. ಭಾರತೀಯ ಮಹಿಳೆಯರಲ್ಲಿ ಇದು ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಸಂಭವಿಸುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಉತ್ಪಾದನೆ ಕುಗ್ಗುವುದರಿಂದ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ನಿದ್ರಾಭಂಗ, ಯೋನಿಯ ಶುಷ್ಕತೆ ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಮೂಳೆ ಸವೆತವೂ ಹೆಚ್ಚುತ್ತದೆ. ಬಿಸಿಯೇರಿಕೆ ಮತ್ತು ಬೆವರಿಗೆ ಅತ್ಯಂತ ಪರಿಣಾಮಕಾರಿ ಪರಿಹಾರ ಹಾರ್ಮೋನ್ ಚಿಕಿತ್ಸೆ. ಆದರೆ ಆ ಹೆಸರು ಕೇಳಿದೊಡನೆ ಕ್ಯಾನ್ಸರಿನ ಭಯ ಎದುರಾಗುತ್ತದೆ.

ಭಯದ ಮೂಲ: ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನದ ಒಂದು ಭಾಗದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರು ಪಾಲ್ಗೊಂಡಿದ್ದರು. ಈಸ್ಟ್ರೋಜನ್ ಜತೆ ಪ್ರೊಜೆಸ್ಟಿನ್ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತೆಂದು 2002ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಈ ಶೇಕಡಾವಾರಿನ ಅರ್ಥವೇನು? ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಇದ್ದ ಪ್ರಕರಣಗಳು 38 ಆದವು. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಗಳೂ ಹೆಚ್ಚಿದವು. ಸೊಂಟದ ಮೂಳೆ ಮುರಿತ ಕಡಿಮೆಯಾಯಿತು. ಪಾಲ್ಗೊಂಡವರ ಸರಾಸರಿ ವಯಸ್ಸು 63 ಎಂಬುದನ್ನು ಮರೆಯುವಂತಿಲ್ಲ. 60ರೊಳಗೆ ಅಥವಾ ಋತುಬಂಧವಾಗಿ 10 ವರ್ಷಗಳೊಳಗೆ ಚಿಕಿತ್ಸೆ ಆರಂಭಿಸುವ ಆರೋಗ್ಯವಂತರಿಗೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂಬುದು ಈಗ ತಜ್ಞರ ಅಭಿಮತ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್ ಕುರಿತ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸಲು ಮುಂದಾಯಿತು.

ಗರ್ಭಕೋಶ ಇರುವವರಿಗೆ: ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪಗಾಗಿ ಕ್ಯಾನ್ಸರಿಗೆ ಎಡೆಯಾಗಬಹುದು. ಆದ್ದರಿಂದ ಪ್ರೊಜೆಸ್ಟರಾನ್ ಅಥವಾ ಅದಕ್ಕೆ ಸಮಾನವಾದ ಔಷಧ ಜತೆಗಿರಲೇಬೇಕು.

ಗರ್ಭಕೋಶ ತೆಗೆಸಿಕೊಂಡವರಿಗೆ: ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಪಾರ್ಶ್ವವಾಯುವಿನ ಕಾರಣ 2004ರಲ್ಲಿ ನಿಲ್ಲಿಸಲಾಯಿತಾದರೂ ಇಂಥವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ.

ಗುಳಿಗೆಯೋ, ಲೇಪನವೋ: ಚರ್ಮಕ್ಕೆ ಅಂಟಿಸುವ ಪಟ್ಟಿ ಹಾಗೂ ಜೆಲ್ ಮೂಲಕ ಬರುವ ಈಸ್ಟ್ರೋಜನ್ ಮೊದಲು ಯಕೃತ್ತನ್ನು ಹಾಯುವುದಿಲ್ಲ. ಹೀಗಾಗಿ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಗಿಂತ ಕಡಿಮೆ. ಯೋನಿಯ ಶುಷ್ಕತೆ, ಉರಿ ಮಾತ್ರ ಇದ್ದರೆ ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಸಾಕು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ.

ಯಾರಿಗೆ ಸಲ್ಲದು: ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತ ಹೆಪ್ಪುಗಟ್ಟುವಿಕೆಗೆ ತುತ್ತಾದವರು, ಯಕೃತ್ತಿನ ತೀವ್ರ ಕಾಯಿಲೆಯುಳ್ಳವರು ಸಾಮಾನ್ಯವಾಗಿ ಇದರಿಂದ ದೂರವಿರಬೇಕು. ಇವರಿಗೆ ಹಾರ್ಮೋನ್‌ರಹಿತ ಔಷಧಗಳುಂಟು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವ ಕಂಡರೆ ಮೊದಲು ಅದರ ಕಾರಣವನ್ನು ಪತ್ತೆಹಚ್ಚಬೇಕು.

ನಮ್ಮಲ್ಲಿ ನಲವತ್ತರೊಳಗೇ ಗರ್ಭಕೋಶ ತೆಗೆಸಿಕೊಂಡವರು ಕಡಿಮೆಯಿಲ್ಲ. ಜತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಋತುಬಂಧ ಅಂದೇ ಆರಂಭವಾಗುತ್ತದೆ. ಮೂಳೆ, ಹೃದಯಗಳಿಗೆ ರಕ್ಷಣೆ ತಪ್ಪುತ್ತದೆ. ಇಂಥವರಿಗೆ ಬೇರೆ ಅಡ್ಡಿಗಳಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ಸೂಕ್ತವೆಂಬುದು ವೈದ್ಯಕೀಯ ಮಾರ್ಗಸೂಚಿಗಳ ಸಲಹೆ. ಆದರೆ ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರದಲ್ಲಿ ಅದು ನಮೂದಾಗಿರುತ್ತದೆ. ಸ್ತ್ರೀರೋಗ ತಜ್ಞರ ಬಳಿಗೆ ಹೋಗುವಾಗ ಆ ಪತ್ರವನ್ನು ಒಯ್ಯುವುದು ಲೇಸು. ಚಿಕಿತ್ಸೆ ಆರಂಭಿಸಿದವರು ವರ್ಷಕ್ಕೊಮ್ಮೆಯಾದರೂ ಅದನ್ನು ವೈದ್ಯರೊಡನೆ ಪುನರ್‌ಪರಿಶೀಲಿಸಬೇಕು.