ಉರಿಯುವ ಮೊದಲೇ ತೊಳೆದ ಕಲ್ಲಿದ್ದಲು

ಕಲ್ಲಿದ್ದಲಿನಿಂದ ಅನಿಲ ತೆಗೆಯುವುದು ಹೊಸ ವಿದ್ಯೆಯೇನಲ್ಲ. 1792ರಲ್ಲೇ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್ರೂತ್‌ನಲ್ಲಿ ತನ್ನ ಮನೆಗೆ ಅದರಿಂದ ದೀಪ ಹಚ್ಚಿದ್ದ. ಅದೇ ಅನಿಲದಿಂದ ವಿದ್ಯುತ್ ತೆಗೆಯುವ ಸ್ಥಾವರಗಳದು ಮಾತ್ರ ಬೇರೆಯೇ ಕಥೆ.

ಇಲ್ಲಿ ಕಲ್ಲಿದ್ದಲನ್ನು ಪೂರ್ತಿ ಉರಿಸುವುದಿಲ್ಲ. ಅಳೆದಷ್ಟೇ ಆಮ್ಲಜನಕ ಮತ್ತು ಹಬೆ ಕೊಟ್ಟು ಕಾಯಿಸಿದರೆ ಅದು ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡುಗಳ ಮಿಶ್ರಣವಾಗುತ್ತದೆ. ಗಂಧಕ, ಪಾದರಸಗಳನ್ನು ಆಗಲೇ ಸೋಸಿ ತೆಗೆಯಬಹುದು. ಚಿಮಣಿಯ ಹೊಗೆಯನ್ನು ತೊಳೆಯುವುದಕ್ಕಿಂತ ಇದು ಸುಲಭ. ಉಳಿಯುವ ಪೀಡೆ ಇಂಗಾಲದ ಡೈಆಕ್ಸೈಡ್.

ಅಮೆರಿಕದ ಮಿಸಿಸಿಪಿ ರಾಜ್ಯದ ಕೆಂಪರ್ ಸ್ಥಾವರ ಅದರಲ್ಲಿ ಶೇ. 65ರಷ್ಟನ್ನು ಹಿಡಿದಿಡಲು ಹೊರಟಿತ್ತು. ಸಾಮರ್ಥ್ಯ 582 ಮೆಗಾವ್ಯಾಟ್. ಇಂಧನ ಪಕ್ಕದ ಗಣಿಯ ಲಿಗ್ನೈಟ್. ಹಿಡಿದ ಅನಿಲ ಹೋಗಬೇಕಿದ್ದುದು ಹಳೆಯ ತೈಲಬಾವಿಗಳಿಗೆ, ಇನ್ನಷ್ಟು ತೈಲ ಹೊರದೂಡಲು! ಪರಿಸರದ ಲೆಕ್ಕ ಅಲ್ಲೇ ಸೋರತೊಡಗುತ್ತದೆ. 300 ಕೋಟಿ ಡಾಲರಿಗಿಂತ ಕಡಿಮೆಯಿದ್ದ ಅಂದಾಜು 700 ಕೋಟಿ ದಾಟಿತು. ಯಂತ್ರಗಳು ಪಳಗಲಿಲ್ಲ, ಅಷ್ಟರಲ್ಲಿ ನೈಸರ್ಗಿಕ ಅನಿಲ ಅಗ್ಗವಾಗಿತ್ತು. 2017ರ ಜೂನ್‌ನಲ್ಲಿ ಲಿಗ್ನೈಟಿನ ಕೆಲಸ ನಿಂತಿತು. ಟರ್ಬೈನುಗಳಿಗೆ ನೈಸರ್ಗಿಕ ಅನಿಲವೇ ಗತಿಯಾಯಿತು. 2021ರ ಅಕ್ಟೋಬರಿನಲ್ಲಿ ಅನಿಲೀಕರಣದ ಗೋಪುರಗಳನ್ನು ಸಿಡಿಮದ್ದಿಟ್ಟು ಕೆಡವಲಾಯಿತು.