ಕಣ್ಣೇ ಕೈಯಾದಾಗ

ಕೈ ಕೆಲಸಕ್ಕೆ, ನಾಲಗೆ ಮಾತಿಗೆ, ಕಣ್ಣು ನೋಟಕ್ಕೆ ಎಂದು ನಾವೆಲ್ಲರೂ ತಿಳಿದಿರುವೆವು. ಆದರೆ ಬುದ್ಧಿಯು ಎಂದಿನಂತೆ ತಿಳಿಯಾಗಿದ್ದು, ಕೈಯೂ ನಾಲಗೆಯೂ ಸ್ವಾಧೀನ ತಪ್ಪಿದವರ ಗತಿಯೇನು? ಎ.ಎಲ್.ಎಸ್. ಎಂಬ ನರವ್ಯಾಧಿಯಲ್ಲಿ ಹೀಗಾಗುವುದುಂಟು. ಕೈಕಾಲುಗಳೂ ಕಂಠವೂ ಒಂದೊಂದಾಗಿ ಸೋಲುತ್ತ ಬಂದರೂ ಕಣ್ಣನ್ನು ಹೊರಳಿಸುವ ಸ್ನಾಯುಗಳು ಬಹುಜನರಲ್ಲಿ ಬಹುಕಾಲ ಉಳಿದಿರುತ್ತವೆ. ಹಾಗೆ ಉಳಿದ ಕಣ್ಣನ್ನೇ ಕೈಯಾಗಿಸಿಕೊಂಡು ಕಂಪ್ಯೂಟರಿನಿಂದ ಬರೆಯುವ, ಮಾತನಾಡುವ ಉಪಾಯವು ಈಗ ಬಳಕೆಗೆ ಬಂದಿದೆ. ಇಂತಹ ರೋಗಿಗಳಿರುವ ಮನೆಯವರಿಗೆ ಅದರ ಮರ್ಮವು ತಿಳಿದಿರುವುದು ಒಳ್ಳೆಯದೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಯಂತ್ರದ ರೀತಿ ಹೀಗಿದೆ. ಪರದೆಯ ಕೆಳಗೆ ಒಂದು ಪುಟ್ಟ ಪಟ್ಟಿ; ಅದರಲ್ಲಿ ನಮಗೆ ಕಾಣದ ಅವಕೆಂಪು ಬೆಳಕನ್ನು ಬೀರುವ ದೀಪಗಳೂ ಕ್ಯಾಮೆರಾವೂ ಇರುವುವು. ಆ ಬೆಳಕು ಕಣ್ಣಿನ ಮೇಲ್ಪೊರೆಯಲ್ಲಿ ಚುಕ್ಕೆಯಾಗಿ ಹೊಳೆಯುವುದು. ಕಣ್ಣು ಹೊರಳಿದಾಗ ಪಾಪೆಯು ಸರಿಯುವಷ್ಟು ಆ ಹೊಳಪು ಸರಿಯದು. ಇವೆರಡರ ನಡುವಣ ಅಂತರವನ್ನು ಅಳೆದು, ನೋಟವು ಪರದೆಯ ಯಾವ ಭಾಗದಲ್ಲಿ ಬಿದ್ದಿದೆಯೆಂಬುದನ್ನು ಯಂತ್ರವು ಲೆಕ್ಕ ಹಾಕುವುದು. ಮೊದಲ ದಿನ ರೋಗಿಯು ಪರದೆಯ ಕೆಲವು ಚುಕ್ಕೆಗಳನ್ನು ಒಂದಾದ ಮೇಲೊಂದರಂತೆ ನೋಡಿ, ತನ್ನ ಕಣ್ಣಿನ ಪರಿಚಯವನ್ನು ಯಂತ್ರಕ್ಕೆ ಮಾಡಿಕೊಡಬೇಕು.

ಇಲ್ಲಿ ಒಂದು ತೊಡಕುಂಟು. ನೋಡುವುದೂ ಒತ್ತುವುದೂ ಒಂದೇ ಆದರೆ, ಕಣ್ಣು ಹಾಯ್ದಲ್ಲೆಲ್ಲ ಅಕ್ಷರಗಳು ಬಿದ್ದು ಬರಹವು ಕಲಸಿಹೋಗುವುದು. ಪಾಶ್ಚಾತ್ಯ ವಿದ್ವಾಂಸರು ಇದನ್ನು, ಮುಟ್ಟಿದುದೆಲ್ಲ ಚಿನ್ನವಾಗಿ ಗೋಳಾಡಿದ ಮಿಡಾಸ್ ದೊರೆಯ ಸ್ಪರ್ಶಕ್ಕೆ ಹೋಲಿಸುವರು. ನಮ್ಮವರಿಗಾದರೆ ಭಸ್ಮಾಸುರನ ಕೈ ನೆನಪಾದೀತು. ಇದಕ್ಕೆ ಪರಿಹಾರವೇನೆಂದರೆ, ನೋಟವು ಒಂದೆಡೆ ಕೆಲವು ಕ್ಷಣ ನಿಂತರೆ ಮಾತ್ರ ಒತ್ತಿದಂತೆ ಎಣಿಸುವುದು. ಕೆಲವರಿಗೆ ಅರ್ಧ ಸೆಕೆಂಡು ಸಾಕು. ಕೆಲವರಿಗೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು.

ಹಾಗಾದರೆ ಒಮ್ಮೆ ಗೊತ್ತುಮಾಡಿ ಬಿಟ್ಟರಾಯಿತೆ? ಆಗದು. ಬೆಳಗಿನಲ್ಲಿ ಚುರುಕಾದ ಕಣ್ಣು ಸಂಜೆಗೆ ದಣಿಯುವುದು. ದಿಂಬಿನಲ್ಲಿ ತಲೆ ಜಾರಿದರೆ ಹಿಂದಿನ ಲೆಕ್ಕ ತಪ್ಪುವುದು. ತಿಂಗಳುಗಳು ಕಳೆದಂತೆ ರೆಪ್ಪೆ ಜೋಲಬಹುದು. ನಿನ್ನೆ ಸರಿಯಾಗಿದ್ದ ಯಂತ್ರವು ಇಂದು ತಪ್ಪು ಅಕ್ಷರ ಹಾಕಿದಾಗ, ರೋಗಿಯು ತನ್ನ ಬುದ್ಧಿಯೇ ಕೆಟ್ಟಿತೋ ಎಂದು ಕುಗ್ಗುವನು. ಮನೆಯವರೂ ಹಾಗೆಯೇ ಭಾವಿಸಬಹುದು. ಕೆಟ್ಟಿರುವುದು ಬುದ್ಧಿಯಲ್ಲ, ಹೊಂದಿಕೆ. ಆಗ ಕಣ್ಣಿನ ಪರಿಚಯವನ್ನು ಮತ್ತೊಮ್ಮೆ ಮಾಡಿಸಬೇಕು. ಅಕ್ಷರದ ಮನೆಗಳನ್ನು ದೊಡ್ಡದಾಗಿಸಿ ಸಂಖ್ಯೆಯನ್ನು ಕಡಿಮೆ ಮಾಡಬೇಕು. ನೋಟ ನಿಲ್ಲಬೇಕಾದ ಕಾಲವನ್ನು ಬದಲಿಸಬೇಕು.

ಇದಕ್ಕೆ ಭೌತಶಾಸ್ತ್ರಜ್ಞರಾದ ಸ್ಟೀಫನ್ ಹಾಕಿಂಗ್ ಅವರ ಬಾಳು ಒಳ್ಳೆಯ ನಿದರ್ಶನ. ೧೯೬೩ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರಿಗೆ ಈ ವ್ಯಾಧಿಯಿರುವುದು ತಿಳಿಯಿತು. ೧೯೮೫ರಲ್ಲಿ ಶ್ವಾಸಕೋಶದ ಜ್ವರ ಬಂದು, ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ನಿಂತಿತು. ಮೊದಲು ಅಕ್ಷರದ ಹಲಗೆಯನ್ನು ನೋಡಿ ಹುಬ್ಬೇರಿಸಿ ತಿಳಿಸುತ್ತಿದ್ದರು. ತರುವಾಯ ಕೈಬೆರಳಿನಿಂದ ಸ್ವಿಚ್ಚನ್ನೊತ್ತಿ ನಿಮಿಷಕ್ಕೆ ೧೫ ಪದಗಳವರೆಗೆ ಬರೆದರು. ಕೈ ಸೋತ ಮೇಲೆ, ಕನ್ನಡಕಕ್ಕೆ ಜೋಡಿಸಿದ ಸಾಧನವು ಅವರ ಕೆನ್ನೆಯ ಸ್ನಾಯುವಿನ ಅಲುಗಾಟವನ್ನು ಹಿಡಿಯುತ್ತಿತ್ತು. ಕಣ್ಣಿನ ಯಂತ್ರವನ್ನೂ ಪರೀಕ್ಷಿಸಲಾಯಿತು. ಆದರೆ ರೆಪ್ಪೆಗಳು ಜೋಲುತ್ತಿದ್ದುದರಿಂದ ಅದು ಅವರಿಗೆ ಒದಗಲಿಲ್ಲ. ಇಂಟೆಲ್ ಸಂಸ್ಥೆಯ ತಜ್ಞರು ಕೆನ್ನೆಯನ್ನೇ ನಂಬಿ, ಪದವನ್ನು ಮೊದಲೇ ಊಹಿಸಿ ಕೊಡುವ ಹೊಸ ಏರ್ಪಾಡನ್ನು ರಚಿಸಿದರು. ೨೦೧೫ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ೨೦೧೮ರಲ್ಲಿ ನಿಧನರಾಗುವವರೆಗೆ ಹಾಕಿಂಗರ ಮಾತು ನಿಲ್ಲಲಿಲ್ಲ. ದೇಹವು ಒಂದೊಂದು ಬಾಗಿಲನ್ನು ಮುಚ್ಚಿದಾಗ ಸಂಗಡಿಗರು ಇನ್ನೊಂದನ್ನು ತೆರೆದುದೇ ಅದಕ್ಕೆ ಕಾರಣ.

ಅವರ ಬಾಳಿನಿಂದ ಕಲಿಯತಕ್ಕ ಇನ್ನೊಂದು ಪಾಠವುಂಟು. ಯಂತ್ರದ ಕೃತಕ ಧ್ವನಿಯು ಹಳೆಯದಾಯಿತು, ಇನ್ನೂ ಇಂಪಾದುದಿದೆ ಎಂದರೂ ಹಾಕಿಂಗರು ಅದನ್ನು ಬಿಡಲೊಪ್ಪಲಿಲ್ಲ. ಅದು ಅವರ ಸ್ವಂತ ಧ್ವನಿಯೇ ಆಗಿಹೋಗಿತ್ತು. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬುದನ್ನು ಬಳಸುವವರೇ ಹೇಳಬೇಕು. ಬಳಸುವವರ ತಪ್ಪುಗಳನ್ನು ಗಮನಿಸಿ ತಾನೇ ತಿದ್ದಿಕೊಳ್ಳುವ ಯಂತ್ರಗಳ ಪ್ರಯತ್ನವೂ ನಡೆದಿದೆ. ಇದು ಮೆಚ್ಚತಕ್ಕುದೇ. ಆದರೆ ಅಡಿಗೆಮನೆಯ ಡಬ್ಬಗಳನ್ನು ಯಾರೋ ರಾತ್ರಿ ಹೇಳದೆ ಬದಲಿಸಿಟ್ಟರೆ ಗೃಹಿಣಿಯ ಪಾಡೇನಾದೀತು? ಉಪ್ಪಿಗೆಂದು ಚಾಚಿದ ಕೈಗೆ ಸಕ್ಕರೆ ಬಂದೀತು. ಆದುದರಿಂದ ಯಂತ್ರವು ಬದಲಾವಣೆಯನ್ನು ಸೂಚಿಸಲಿ. ಒಪ್ಪುವ, ಹಿಂದಿನಂತೆಯೇ ಇರಿಸಿಕೊಳ್ಳುವ ಅಧಿಕಾರವು ರೋಗಿಯದೇ ಆಗಿರಲಿ.

ಈ ಸೌಕರ್ಯವು ಕ್ರಮೇಣ ಸಾಮಾನ್ಯರ ಕೈಗೂ ಬರುತ್ತಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೭ರಲ್ಲಿ ವಿಂಡೋಸಿನಲ್ಲಿಯೂ, ಆಪಲ್ ಸಂಸ್ಥೆಯು ೨೦೨೪ರಲ್ಲಿ ತನ್ನ ಫೋನುಗಳಲ್ಲಿಯೂ ಕಣ್ಣಿನಿಂದ ನಡೆಸುವ ವ್ಯವಸ್ಥೆಯನ್ನು ಸೇರಿಸಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪ್ರತ್ಯೇಕ ಸಾಧನವಿಲ್ಲದೆ, ಕಂಪ್ಯೂಟರಿನ ಸಾಮಾನ್ಯ ಕ್ಯಾಮೆರಾದಿಂದಲೇ ನೋಟವನ್ನು ಗುರುತಿಸಿ, ಯಂತ್ರದ ತೋಳಿನಿಂದ ಬಟ್ಟೆಗೆ ಅಚ್ಚು ಹಾಕಿಸುವ ವಿಧಾನವನ್ನು ೨೦೨೦ರಲ್ಲಿ ಪ್ರಕಟಿಸಿದರು. ಮಾತೂ ಚಲನೆಯೂ ತೀರ ಕುಂದಿದವರಿಗೆ ಕೆಲಸವನ್ನು ಒದಗಿಸುವುದು ಇದರ ಉದ್ದೇಶ.

ಯಂತ್ರವಿಲ್ಲದ ಮನೆಯವರು ನಿರಾಶರಾಗಬೇಕಾದುದಿಲ್ಲ. ಒಂದು ರಟ್ಟಿನ ಮೇಲೆ ವರ್ಣಮಾಲೆಯನ್ನು ಬರೆದುಕೊಳ್ಳಿರಿ. ನಮ್ಮ ಅಕ್ಷರಗಳು ಹಿರಿಯರ ಪುಣ್ಯದಿಂದ ಸಾಲುಸಾಲಾಗಿಯೇ ಇವೆ. ಮೊದಲು ಯಾವ ವರ್ಗವೆಂದು ಕೇಳಿ, ಬಳಿಕ ಆ ಸಾಲಿನ ಅಕ್ಷರವನ್ನೂ ಅದರ ಕಾಗುಣಿತವನ್ನೂ ಕೇಳಿದರೆ ಶ್ರಮವು ಬಹಳ ಕಡಿಮೆಯಾಗುವುದು. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಅಲ್ಲ ಎಂದು ಮೊದಲೇ ಗೊತ್ತುಮಾಡಿಕೊಳ್ಳಿರಿ. ಯಂತ್ರವಿದ್ದವರಿಗೂ ವಿದ್ಯುತ್ತು ಹೋದ ರಾತ್ರಿ ಈ ರಟ್ಟೇ ದಿಕ್ಕು.

ಕಡೆಯದಾಗಿ ಒಂದು ವಿನಂತಿ. ಮಾತು ಪೂರ್ತಿ ನಿಲ್ಲುವವರೆಗೆ ಕಾಯದೆ, ಇನ್ನೂ ನುಡಿ ಇರುವಾಗಲೇ ಅಭ್ಯಾಸವನ್ನು ಆರಂಭಿಸಿರಿ. ತಿಂಗಳಿಗೊಮ್ಮೆಯಾದರೂ ರೋಗಿಯ ಪಕ್ಕದಲ್ಲಿ ಕುಳಿತು, “ಇದು ಈಗಲೂ ನಿಮಗೆ ಸರಿಯಾಗಿದೆಯೆ?” ಎಂದು ಕೇಳಿರಿ, ಉತ್ತರಕ್ಕೆ ಎಷ್ಟು ಹೊತ್ತಾದರೂ ತಾಳ್ಮೆಯಿಂದ ಕಾಯಿರಿ. ವಾಕ್ಯವು ಮುಗಿಯುವ ಮೊದಲೇ ನಾವೇ ಊಹಿಸಿ ಮುಗಿಸಿಬಿಟ್ಟರೆ, ಎಷ್ಟು ಬೆಲೆಯ ಯಂತ್ರವಿದ್ದೂ ಅವರು ಮೂಕರೇ ಸರಿ.